ಗಂಟೆ ಹೊಡೆಯುವುದಲ್ಲ, ಒತ್ತುವುದು

ತುಮಕೂರಿನ ನಮ್ಮ ಚರ್ಚಿಗೊಂದು ಗಂಟೆ ಇದೆ. ಹಗ್ಗ ಹಿಡಿದು ಜಗ್ಗಬೇಕು. ಅದರ ಸದ್ದು ಕೇಳಿದೊಡನೆ ಮಕ್ಕಳ ತಲೆ ಬಾಚಿ, ಕಾಣಿಕೆಗೆ ಚಿಲ್ಲರೆ ಹುಡುಕಿಕೊಂಡು ಓಡುತ್ತಿದ್ದ ಕಾಲವೊಂದಿತ್ತು. ಈಗ ನಮ್ಮ ಸಭಾಪಾಲಕರಾದ ಅಯ್ಯನವರು ಆಶೀರ್ವಾದ ಹೇಳಿ, ಆಮೆನ್ ಆದ ಮೇಲೆ ಕ್ಯಾಮೆರಾ ಕಡೆ ತಿರುಗಿ ಇನ್ನೊಂದು ಗಂಟೆಯ ವಿಷಯ ಎತ್ತುತ್ತಾರೆ: "ಪ್ರಿಯ ವೀಕ್ಷಕರೇ, ಲೈಕ್ ಮಾಡಿ, ಶೇರ್ ಮಾಡಿ, ಪಕ್ಕದಲ್ಲಿರುವ ಗಂಟೆ ಒತ್ತಿ." ಬೆಂಚಿನ ಮೇಲೆ ಕೂತ ಮೂವತ್ತು ಚಿಲ್ಲರೆ ಜನ ನಾವು, ಪಕ್ಕದಲ್ಲಿ ಗಂಟೆ ಎಲ್ಲಿದೆಯೆಂದು ಹುಡುಕುತ್ತೇವೆ.

ಶುರುವಾದದ್ದೇನೋ ಒಳ್ಳೆಯ ಕಾರಣಕ್ಕೆ. 2020ರ ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಏಪ್ರಿಲ್ 12ರ ಈಸ್ಟರಿಗೆ ಪೋಪ್ ಫ್ರಾನ್ಸಿಸ್ ಅವರೇ ಖಾಲಿ ಹೊಡೆಯುತ್ತಿದ್ದ ಬೆಸಿಲಿಕಾದಲ್ಲಿ ಪೂಜೆ ನಡೆಸಿ ಪರದೆಯ ಮೇಲೆ ಕಂಡರು. ಅವರಿಗೇ ಬಾರದ ಜನ ನಮಗೆಲ್ಲಿಂದ ಬರಬೇಕು? ಅಯ್ಯನವರ ಮಗ ಎರಡು ಕೀರ್ತನೆ ಪುಸ್ತಕಗಳ ನಡುವೆ ಮೊಬೈಲ್ ಸಿಗಿಸಿ ಆರಾಧನೆಯನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ. ನೋಡಿ ಕಣ್ಣೀರು ಹಾಕಿದವರಿದ್ದರು, ನಾನೂ ಒಬ್ಬ. ಜೂನ್ 8ರಿಂದ ಬಾಗಿಲು ತೆಗೆಯಬಹುದೆಂದು ಸರ್ಕಾರ ಹೇಳಿತು. ತೆಗೆದೆವು. ಮೊಬೈಲ್ ಮಾತ್ರ ಜೇಬಿಗೆ ಮರಳಲಿಲ್ಲ. ಈಗ ಅದಕ್ಕೆ ಮೂರು ಕಾಲು ಬಂದಿವೆ, ನೆತ್ತಿಯ ಮೇಲೆ ದೀಪ ಬಂದಿದೆ, ಹಿಂದೆ ಒಂದು ಮೀಡಿಯಾ ಕಮಿಟಿಯೂ ಬಂದಿದೆ.

ಕಮಿಟಿ ಗೊತ್ತು ಮಾಡಿದ ಹುಡುಗ ಮದುವೆ ವಿಡಿಯೊದಲ್ಲಿ ಪಳಗಿದವನು. ಧಾರೆ ಎರೆಯುವಾಗ ಸೋದರಮಾವನನ್ನೇ ಪಕ್ಕಕ್ಕೆ ತಳ್ಳಿ ಅಭ್ಯಾಸವಿರುವ ಅವನಿಗೆ ಸಭಾಪಾಲಕರು ಯಾವ ಲೆಕ್ಕ? ಒಂದು ಭಾನುವಾರ ನಾವೆಲ್ಲ ಮೊಣಕಾಲೂರಿ ಪಾಪದ ಅರಿಕೆ ಮುಗಿಸಿ ಏಳುತ್ತಿದ್ದೆವು. "ಅಯ್ಯನವರೇ, ಬ್ಯಾಟರಿ ಹೋಗಿತ್ತು, ಪಾಪದ್ದು ಇನ್ನೊಂದ್ಸಲ" ಎಂದ. ಮತ್ತೆ ಊರಿದೆವು. ಮಂಡಿನೋವಿನ ನಮ್ಮ ಖಜಾಂಚಿಗಳು ಎರಡನೇ ಸಲ ಊರುವಾಗ ಏನೋ ಗೊಣಗಿದರು. ಅದಕ್ಕೂ ಸೇರಿಸಿಯೇ ಕ್ಷಮೆ ಕೇಳಿರಬೇಕು. ಕ್ಷಮೆ ಸಿಕ್ಕಿದ್ದು ಮೊದಲ ಟೇಕಿಗೋ ಎರಡನೆಯದಕ್ಕೋ ಎಂದು ಕೇಳಿದೆ. ಎಡಿಟಿಂಗಿನಲ್ಲಿ ಯಾವುದು ಉಳಿಯುತ್ತೋ ಅದಕ್ಕೆ ಎಂಬ ಉತ್ತರ ಬಂತು.

ಕಾಣಿಕೆ ಚೀಲ ಈಗಲೂ ಬೆಂಚಿನಿಂದ ಬೆಂಚಿಗೆ ಸಾಗುತ್ತದೆ. ಆದರೆ ಪರದೆಯ ಮೂಲೆಯಲ್ಲಿ ಕ್ಯುಆರ್ ಕೋಡೂ ನಿಂತಿದೆ. ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿಯನ್ನು ಯಾರೋ ಪುಣ್ಯಾತ್ಮರು ವೇದಿಕೆಯ ಹಿಂದೆಯೇ ಇಟ್ಟುಬಿಟ್ಟಿದ್ದಾರೆ. ಮೌನ ಪ್ರಾರ್ಥನೆಯ ನಡುವೆ "ಐವತ್ತೊಂದು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಅದು ಗಂಟಲು ಹರಿಯುವಂತೆ ಕೂಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆನ್ನುತ್ತಾರೆ. ನಮ್ಮಲ್ಲಿ ಕ್ಯಾತ್ಸಂದ್ರದ ತನಕ ತಿಳಿಯುತ್ತದೆ.

ಇಷ್ಟಕ್ಕೂ ನೋಡುವವರು ಯಾರು? ಡಲ್ಲಾಸಿನಲ್ಲಿರುವ ಮಕ್ಕಳು, ಬೆಂಗಳೂರಿಗೆ ಹೋದ ಸೊಸೆಯಂದಿರು ಎಂದು ವರದಿಯಲ್ಲಿ ಬರೆಯುತ್ತಾರೆ. ನನಗೆ ಗೊತ್ತಿರುವ ಖಾಯಂ ವೀಕ್ಷಕರೊಬ್ಬರ ಮನೆ ಚರ್ಚಿನ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಕಿಟಕಿ ತೆಗೆದರೆ ಆರಾಧನೆ ಕೇಳಿಸುತ್ತದೆ. ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿರುತ್ತದೆಂದು ಅವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಸಂಜೆ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಎರಡು ಗಂಟೆಯ ಆರಾಧನೆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದಂತೆ. ಆ ವೇಗದಲ್ಲಿ ನಮ್ಮ ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ ಹರಾಜು ಕೂಗಿದಂತೆ ಕೇಳಿಸುತ್ತದೆ.

ಪ್ರಸಂಗದಲ್ಲಿ ನಿದ್ದೆ ಹೋಗುವುದು ಹೊಸದಲ್ಲ ಬಿಡಿ. ಬೈಬಲಿನಲ್ಲೇ ಇದೆ: ತ್ರೋವ ಪಟ್ಟಣದಲ್ಲಿ ಅಪೊಸ್ತಲ ಪೌಲನ ಮಾತು ಮಧ್ಯರಾತ್ರಿಯವರೆಗೆ ಎಳೆದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದಿದ್ದ. ಪೌಲ ಮಾತು ನಿಲ್ಲಿಸಿ, ಇಳಿದು ಬಂದು ಅವನನ್ನು ತಬ್ಬಿಕೊಂಡ. ನಮ್ಮ ಯೂತಿಖರು ಸೋಫಾದ ಮೇಲೇ ಒರಗುತ್ತಾರೆ. ಸ್ವಲ್ಪ ಹೊತ್ತಿಗೆ ವಿಡಿಯೊ ತಾನೇ ನಿಂತು, ಮುಂದುವರಿಸಲೇ ಎಂದು ಕೇಳುತ್ತದೆ. ಯಾರೂ ಇಳಿದು ಬರುವುದಿಲ್ಲ.

ಜಾಹೀರಾತಿನ ಮಹಿಮೆಯೇ ಬೇರೆ. ಚಾನೆಲ್ಲಿಗೆ ಬಿಡಿಗಾಸು ಬರದಿದ್ದರೂ ಜಾಹೀರಾತು ಬಂದೇ ಬರುತ್ತದೆ. ಮೊನ್ನೆ ಅನುದಿನದ ಆಹಾರಕ್ಕಾಗಿ ಪ್ರಾರ್ಥಿಸುವ ಸಾಲು ಬಂತು; ಆಮೆನ್ನಿಗೂ ಕಾಯದೆ ಬಿರಿಯಾನಿ ಬಂತು, ಮೊದಲ ಆರ್ಡರಿಗೆ ಅರ್ಧ ಬೆಲೆ. ಇಷ್ಟು ಬೇಗ ಫಲಿಸಿದ ಪ್ರಾರ್ಥನೆಯನ್ನು ನಾನು ನೋಡಿರಲಿಲ್ಲ. ಬಿಡಿಗಾಸಿನ ಬಗ್ಗೆ ನಮ್ಮ ಖಜಾಂಚಿಗಳ ಲೆಕ್ಕ ಪಕ್ಕಾ ಇದೆ. ಜಾಹೀರಾತಿನಲ್ಲಿ ಪಾಲು ಬೇಕಾದರೆ 1,000 ಚಂದಾದಾರರು ಬೇಕು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ವರ್ಷಕ್ಕೆ 52 ಭಾನುವಾರ, ವಾರಕ್ಕೆ ಎರಡು ಗಂಟೆ. 39 ಜನ ಮೊದಲಿಂದ ಕೊನೆಯವರೆಗೆ ನೋಡಿದರೆ ಸಾಕು ಎನ್ನುತ್ತಾರೆ. ಆ 39 ಜನ ಚರ್ಚಿಗೇ ಬಂದರೆ ಬೆಂಚೂ ತುಂಬುತ್ತಿತ್ತಲ್ಲ ಸ್ವಾಮಿ ಎಂದೆ. ವೀಕ್ಷಣೆ ಬಿದ್ದುಹೋಗುತ್ತದೆ ಎಂದು ಗಾಬರಿಯಾದರು. ಅತಿ ಹೆಚ್ಚು ಸಲ ಹಿಂದೆ ಎಳೆದು ನೋಡಿದ ಭಾಗ ಯಾವುದೆಂದೂ ಅದೇ ಪರದೆ ಗೆರೆ ಎಳೆದು ತೋರಿಸುತ್ತದೆ. ನಮ್ಮದರಲ್ಲಿ ಆ ಗೆರೆ ಗುಡ್ಡದಂತೆ ಏಳುವುದು, ಮೈಕ್ ಆರಿಸಲು ಮರೆತು ಇಬ್ಬರು ಸಭಾಹಿರಿಯರು ಪೆಂಡಾಲ್ ಬಿಲ್ಲಿಗಾಗಿ ಜಗಳವಾಡಿದ ಕಡೆ.

ಕಥೋಲಿಕರಲ್ಲಿ ಟೀವಿಗೂ ಒಬ್ಬ ಪಾಲಕ ಸಂತಳಿದ್ದಾಳೆ, ಅಸ್ಸಿಸಿಯ ಕ್ಲಾರಾ. ಕಾಯಿಲೆ ಬಿದ್ದು ಏಳಲಾಗದೆ ಮಲಗಿದ್ದಾಗ ಅವಳಿಗೆ ದೂರದ ಪೂಜೆ ಕೋಣೆಯ ಗೋಡೆಯ ಮೇಲೇ ಕಂಡಿತಂತೆ. ಅದಕ್ಕೇ 1958ರಲ್ಲಿ ಆ ಪದವಿ. ಗಮನಿಸಬೇಕಾದದ್ದು, ಅವಳಿಗೆ ಏಳಲಾಗುತ್ತಿರಲಿಲ್ಲ. ಗಟ್ಟಿಮುಟ್ಟಾಗಿ ಅಮಾನಿಕೆರೆ ಸುತ್ತ ವಾಕಿಂಗ್ ಮುಗಿಸಿ ಬಂದು ಗೋಡೆ ನೋಡುತ್ತಾ ಕೂತವಳಲ್ಲ.

ನಮ್ಮಲ್ಲೂ ಏಳಲಾಗದವರೊಬ್ಬರಿದ್ದಾರೆ. ಶಿರಾ ಗೇಟಿನ ಟೀಚರಜ್ಜಿ. ಈ ಕಮಿಟಿಯ ಅರ್ಧ ಜನಕ್ಕೆ ಸಂಡೇ ಸ್ಕೂಲಿನಲ್ಲಿ ಕಿವಿ ಹಿಂಡಿದವರು. ಹಿಂದೆ ಅಯ್ಯನವರು ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋಗಿ ಪ್ರಭುಭೋಜನದ ಸಂಸ್ಕಾರ ಕೊಟ್ಟು, ಕಾಫಿ ಕುಡಿದು ಬರುತ್ತಿದ್ದರು. 1837ರಲ್ಲಿ ಗುಬ್ಬಿಯಲ್ಲಿ ನೆಲೆ ಊರಿದ ಮಿಷನರಿ ಹಾಡ್ಸನ್ನರಿಗೆ ಇಂಟರ್ನೆಟ್ ಇರಲಿಲ್ಲ, ಪಾಪ, ಊರೂರಿಗೆ ಹೋಗಲೇಬೇಕಾಗಿತ್ತು. ಈಗ ಆ ಕಷ್ಟವಿಲ್ಲ. ಅಜ್ಜಿಗೆ ಪ್ರತಿ ವಾರ ಲಿಂಕ್ ಹೋಗುತ್ತದೆ. ಅಜ್ಜಿಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು.

ಕಳೆದ ವಾರ ನನ್ನ ಮೊಬೈಲನ್ನೇ ಒಯ್ದು ತೋರಿಸಿದೆ. ಅಜ್ಜಿ ಕನ್ನಡಕ ಒರೆಸಿಕೊಂಡು ಹತ್ತಿರ ಹಿಡಿದರು. "ಏನೋ ಇದು, ಬರೀ ಬೆನ್ನೇ ಕಾಣ್ತಾವಲ್ಲೋ!" ಕ್ಯಾಮೆರಾ ಹಿಂದಿರುತ್ತದಜ್ಜಿ ಎಂದೆ. ಪ್ರಸಂಗದ ಕಡೆ ಅವರ ಗಮನವೇ ಇಲ್ಲ. "ಅದು ಕಾರ್ಯದರ್ಶಿ ಅಲ್ವೇನೋ? ತಲೆ ಇಷ್ಟು ಬೋಳಾಯ್ತಾ? ಈಕೆ ಯಾಕೆ ಒಬ್ಬಳೇ ಕೂತಿದಾಳೆ, ಗಂಡ ಬರ್ಲಿಲ್ವಾ?" ಬೆನ್ನು ನೋಡಿಯೇ ಇಡೀ ಸಭೆಯ ಹಾಜರಿ ತೆಗೆದುಕೊಂಡರು. ಆಮೇಲೆ ಬೆರಳು ಎಡಗಡೆಯ ಮೂರನೇ ಬೆಂಚಿನ ಮೇಲೆ ನಿಂತಿತು.

"ನನ್ನ ಜಾಗದಲ್ಲಿ ಅದೇನೋ ಕರೀದು?"

"ಕ್ಯಾಮೆರಾ ಬ್ಯಾಗು, ಅಜ್ಜಿ."

"ಹೂಂ. ಅದಾದ್ರೂ ವಾರ ವಾರ ಬರುತ್ತಾ?"

ಬ್ಯಾಗಿನ ವಿಷಯ ಕಾರ್ಯದರ್ಶಿಗಳ ಕಿವಿಗೆ ಹಾಕಿದೆ. ವಿಡಿಯೊದ ಕೆಳಗೆ ಕಾಮೆಂಟ್ ಹಾಕಿ, ಕಮಿಟಿಯಲ್ಲಿ ನೋಡೋಣ ಎಂದರು.