ಐವರು ನುಡಿಸಿದ ಹಾಡಿಗೆ ಒಬ್ಬರ ಹೆಸರು

‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’ ಹಾಡನ್ನು ಕೇಳಿರದ ರಾಕ್ ಸಂಗೀತಪ್ರಿಯರು ಸಿಗುವುದು ಅಪರೂಪ. ಆದರೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಕ್ ತಂಡ ದಿ ಅನಿಮಲ್ಸ್ 1964ರಲ್ಲಿ ಹೊರತಂದ ಆ ಸಿಂಗಲ್‌ನ ಲೇಬಲ್ ಮೇಲೆ ಏನು ಅಚ್ಚಾಗಿತ್ತು ಎಂಬುದನ್ನು ಗಮನಿಸಿದವರು ಕಡಿಮೆ. ಹಾಡು ಸಾಂಪ್ರದಾಯಿಕ, ಅಳವಡಿಕೆ ಅಲನ್ ಪ್ರೈಸ್ ಎಂದಷ್ಟೇ ಅಲ್ಲಿತ್ತು. ನಮ್ಮ ಕ್ಯಾಸೆಟ್‌ಗಳ ಮೇಲೆ ‘ಸಾಹಿತ್ಯ: ಜಾನಪದ’ ಎಂದು ಇರುತ್ತಿತ್ತಲ್ಲ, ಹಾಗೆ. ಅಳವಡಿಕೆ ಎಂದರೆ ಹಳೆಯ ಹಾಡಿಗೆ ವಾದ್ಯ, ಲಯ ಹೊಂದಿಸಿ ಹೊಸ ರೂಪ ಕೊಡುವುದು; ಪ್ರೈಸ್ ತಂಡದ ಆರ್ಗನ್ ವಾದಕ. ಆ ಒಂದು ಸಾಲಿನಿಂದ ತಂಡದ ಉಳಿದ ನಾಲ್ವರಿಗೆ ಆದ ಅನ್ಯಾಯ ಸಣ್ಣದಲ್ಲ ಎಂದೇ ನಾನು ನಂಬಿದ್ದೇನೆ.

ಹಾಡು ಅವರದಲ್ಲ, ನಿಜ. ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯಲ್ಲಿ ಅದು ಬಾಯಿಂದ ಬಾಯಿಗೆ ಹರಿದು ಬಂದಿತ್ತು. 1933ರಲ್ಲಿ ಜಾನಪದ ಗಾಯಕ ಕ್ಲಾರೆನ್ಸ್ ಆಶ್ಲಿ ಅದನ್ನು ಗ್ವೆನ್ ಫಾಸ್ಟರ್ ಜೊತೆ ಧ್ವನಿಮುದ್ರಿಸಿದರು. 1937ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೋಗೆ ಬಂದು, ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಹುಡುಗಿ ಹಾಡಿದ ರೂಪವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ದಾಖಲಿಸಿಕೊಂಡರು. ಮುಂದೆ ಜೋಶ್ ವೈಟ್, ಲೆಡ್ ಬೆಲಿ ಹಾಡಿದರು. ಜಾನಪದ ಗಾಯಕ ಡೇವ್ ವ್ಯಾನ್ ರಾಂಕ್ ಕಟ್ಟಿಕೊಂಡಿದ್ದ ಅಳವಡಿಕೆಯನ್ನು ಬಾಬ್ ಡಿಲನ್ 1962ರ ತಮ್ಮ ಮೊದಲ ಆಲ್ಬಂನಲ್ಲಿ ಬಳಸಿಕೊಂಡರು. ಇಂಗ್ಲೆಂಡಿನ ನ್ಯೂಕ್ಯಾಸಲ್ ಹುಡುಗರಿಗೆ ಅದು ತಲುಪಿದ್ದು ಯಾರಿಂದ ಎಂಬ ಬಗ್ಗೆ ಅವರ ಮಾತುಗಳೇ ಒಂದಕ್ಕೊಂದು ಹೊಂದುವುದಿಲ್ಲ: ಗಾಯಕ ಎರಿಕ್ ಬರ್ಡನ್ ತಮ್ಮೂರಿನ ಜಾನಪದ ಗಾಯಕ ಜಾನಿ ಹ್ಯಾಂಡ್ಲ್ ಅವರನ್ನು ನೆನೆಯುತ್ತಾರೆ, ಡ್ರಮ್ಮರ್ ಜಾನ್ ಸ್ಟೀಲ್ ಡಿಲನ್ ಆಲ್ಬಂ ಎನ್ನುತ್ತಾರೆ.

1964ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ತಾರೆ ಚಕ್ ಬೆರಿಯೊಂದಿಗೆ ಇಂಗ್ಲೆಂಡ್ ಸುತ್ತುತ್ತಿದ್ದ ತಂಡಕ್ಕೆ, ರಾಕ್ ಅಂಡ್ ರೋಲ್‌ನಲ್ಲಿ ಅವರನ್ನು ಮೀರಿಸಲಾಗದು ಎಂಬುದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಬೇರೆಯೇ ಬಗೆಯ, ನಿಧಾನಗತಿಯ ಈ ಹಾಡನ್ನು ಹಾಡತೊಡಗಿದರು, ಸಭಿಕರು ಮೆಚ್ಚಿದರು. ಮೇ 18ರಂದು ಪ್ರವಾಸದ ನಡುವೆಯೇ ಲಂಡನ್ನಿನ ಡಿ ಲೇನ್ ಲೀ ಸ್ಟುಡಿಯೊಗೆ ಬಂದು ಒಂದೇ ಟೇಕ್‌ನಲ್ಲಿ ಮುಗಿಸಿದರು. ಹಾಡು ನಾಲ್ಕು ನಿಮಿಷ ದಾಟಿತ್ತು. ಮೂರು ನಿಮಿಷ ಮೀರಿದ್ದನ್ನು ರೇಡಿಯೊ ಹಾಕುವುದಿಲ್ಲ ಎಂಬ ಕಾಲದಲ್ಲಿ ನಿರ್ಮಾಪಕ ಮಿಕಿ ಮೋಸ್ಟ್ ಅದನ್ನು ಪೂರ್ತಿಯಾಗಿ ಬಿಡುಗಡೆ ಮಾಡಿದ್ದು ದಿಟ್ಟತನವೇ ಸರಿ. ಅಮೆರಿಕದ ಸಿಂಗಲ್‌ನಲ್ಲಿ ಮಾತ್ರ ಕತ್ತರಿ ಬಿತ್ತು. ಜುಲೈನಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನ, ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನ.

ಈ ಗೆಲುವು ಯಾರದು ಎಂದು ತಿಳಿಯಲು ಹಾಡಿನ ಮೊದಲ ಕೆಲವು ಸೆಕೆಂಡುಗಳನ್ನು ಕೇಳಿದರೂ ಸಾಕು. ಹಿಲ್ಟನ್ ವ್ಯಾಲೆಂಟೈನ್ ಅವರ ಎಲೆಕ್ಟ್ರಿಕ್ ಗಿಟಾರ್ ಎ ಮೈನರ್‌ನಿಂದ ಹೊರಟು, ಸಿ, ಡಿ, ಎಫ್ ಕಾರ್ಡ್‌ಗಳ (ಸ್ವರಗುಚ್ಛಗಳ) ಮೂಲಕ ಮೇಲೇರುತ್ತದೆ. ಸ್ವರಗಳು ಒಟ್ಟಿಗೆ ಮೊಳಗದೆ, ಒಂದೊಂದು ತಂತಿಯಿಂದ ಬಿಡಿಬಿಡಿಯಾಗಿ, ಆರರ ನಡೆಯಲ್ಲಿ ಎಲ್ಲೂ ತಡವರಿಸದೆ ಬರುತ್ತವೆ. ಗಿಟಾರ್ ಕಲಿಯುವ ಮಕ್ಕಳು ಇಂದಿಗೂ ಬೆರಳು ಪಳಗಿಸಿಕೊಳ್ಳುವುದು ಇದರ ಮೇಲೆಯೇ. ಅದರ ಮೇಲೆ ಬರ್ಡನ್ ಅವರ ಒರಟು ಕಂಠ, ಕೆಳಗೆ ಚಾಸ್ ಚಾಂಡ್ಲರ್ ಅವರ ಬೇಸ್, ಸ್ಟೀಲ್ ಅವರ ಡ್ರಮ್ಸ್. ಪ್ರೈಸ್ ಅವರ ಆರ್ಗನ್ ಸೋಲೊ ಅದ್ಭುತವಾದುದು. ಅದಿಲ್ಲದೆ ಹಾಡು ಆ ಎತ್ತರ ಮುಟ್ಟುತ್ತಿರಲಿಲ್ಲ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಳವಡಿಕೆ ಅವರೊಬ್ಬರದೇ ಎಂದರೆ ಕಿವಿ ಒಪ್ಪುವುದಿಲ್ಲ.

ಕರ್ತೃ ಗೊತ್ತಿಲ್ಲದ ಹಾಡಿನ ರಾಯಲ್ಟಿ ಅದನ್ನು ಅಳವಡಿಸಿದವರಿಗೆ ಸೇರುತ್ತದೆ. ಐದು ಹೆಸರುಗಳಿಗೆ ಲೇಬಲ್ ಮೇಲೆ ಜಾಗ ಸಾಲದು ಎಂಬ ಕಾರಣಕ್ಕೆ ಒಂದೇ ಹೆಸರು ಹಾಕಲಾಯಿತು ಎಂಬುದು ತಂಡದವರು ಹೇಳಿಕೊಂಡು ಬಂದಿರುವ ಮಾತು. ಪ್ರೈಸ್ 1965ರಲ್ಲಿ ತಂಡ ಬಿಟ್ಟರು, ರಾಯಲ್ಟಿಯ ಹಕ್ಕು ಅವರ ಬಳಿಯೇ ಉಳಿಯಿತು. 2021ರಲ್ಲಿ ವ್ಯಾಲೆಂಟೈನ್ ತೀರಿಕೊಂಡಾಗ ಬಹುತೇಕ ಎಲ್ಲ ವರದಿಗಳೂ ಆ ಗಿಟಾರ್ ಆರಂಭವನ್ನೇ ನೆನೆದವು. ಲೇಬಲ್‌ನಲ್ಲಿ ಮಾತ್ರ ಅವರಿಗೆ ಅದರ ಶ್ರೇಯ ಸಿಕ್ಕಿರಲಿಲ್ಲ.

ಹಾಡು ಈಗ ಫೋನಿನ ಪರದೆಯ ಮೇಲೆ ಸಿಗುತ್ತದೆ, ಅಲ್ಲಿ ಜಾಗದ ಕೊರತೆಯಿಲ್ಲ. ರಾಯಲ್ಟಿಯ ಲೆಕ್ಕವನ್ನು ಕಾನೂನು ನೋಡಿಕೊಳ್ಳಲಿ. ಅಳವಡಿಕೆಯ ಸಾಲಿನಲ್ಲಿ ಐವರ ಹೆಸರನ್ನೂ, ಮೂಲದ ಸಾಲಿನಲ್ಲಿ ಆಶ್ಲಿ ಮತ್ತು ಜಾರ್ಜಿಯಾ ಟರ್ನರ್ ಅವರ ಹೆಸರನ್ನೂ ಸೇರಿಸುವ ಕೆಲಸವನ್ನು ಹಕ್ಕುದಾರ ಕಂಪನಿಗಳು ಇನ್ನಾದರೂ ಮಾಡಬೇಕು.