ಪರ-ವಿರೋಧ: ಫುಲ್ ಫ್ರೇಮ್ ಕ್ಯಾಮೆರಾವೇ ಬೇಕೇ?

ಪರ: ರವೆ ಉದುರಿಸಿದ ಮುಖ

ಹರಕೆಯ ಯಕ್ಷಗಾನ ಬಯಲಾಟ. ಪುತ್ತೂರಿನಿಂದ ಆಚೆ, ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ರಾತ್ರಿ ಎರಡು ಗಂಟೆ ಕಳೆದಿತ್ತು. ಚೆಂಡೆಯ ಪೆಟ್ಟು ಏರಿದಂತೆ ಬಣ್ಣದ ವೇಷ ಗದ್ದೆಯ ಅಂಚಿನಿಂದ ಜನರ ನಡುವೆ ದಾರಿ ಮಾಡಿಕೊಂಡು ಬರತೊಡಗಿತು. ಎರಡೂ ಕಡೆ ದೀವಟಿಗೆ, ಅದರ ಮೇಲೆ ರಾಳದ ಪುಡಿ ಎರಚಿದಾಗಲೆಲ್ಲ ಭುಗ್ಗೆನ್ನುವ ಬೆಂಕಿ. ರಾಳ ಉರಿದಾಗ ಹಗಲು, ಆರಿದಾಗ ಅಮಾವಾಸ್ಯೆ. ಆಗ ನನ್ನ ಬಳಿ ಇದ್ದದ್ದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಫಲಕ (ಸೆನ್ಸರ್) ಫುಲ್ ಫ್ರೇಮ್‌ಗಿಂತ ಚಿಕ್ಕದಿರುವುದು. ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 6400ಕ್ಕೆ ಏರಿಸಿ, ಲೆನ್ಸನ್ನು ಎಫ್/2.8ರವರೆಗೆ ಪೂರ್ತಿ ತೆರೆದು, ಉಸಿರು ಬಿಗಿಹಿಡಿದು ನಲವತ್ತು ಚಿತ್ರ ತೆಗೆದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವೇ ಕಂಡವು. ಅಲ್ಲಿ ಯಾವುದು ತಾನೇ ಚೆಂದ ಕಾಣುವುದಿಲ್ಲ?

ಮರುವಾರ ಆ ವೇಷಧಾರಿಯೇ ಸ್ಟುಡಿಯೋಗೆ ಬಂದರು. ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ತಮ್ಮದೇ ಕೆನ್ನೆಯ ಮೇಲೆ ಬೆರಳಿಟ್ಟು ಹೇಳಿದರು: ‘ಮಾರಾಯರೇ, ನಾನು ಬಣ್ಣ ಹಚ್ಚುವ ಚೌಕಿಯಲ್ಲಿ ಮೂರು ಗಂಟೆ ಕುಳಿತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡರೆ, ನೀವು ಅದರ ಮೇಲೆ ರವೆ ಉದುರಿಸಿದ್ದೀರಲ್ಲ!’

ರವೆ. ಮಬ್ಬು ಬೆಳಕಿನ ಚಿತ್ರದಲ್ಲಿ ಚುಕ್ಕೆ ಏಳುವ ನಾಯ್ಸ್ ಎಂಬ ರೋಗಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಹೆಸರನ್ನು ನಾನು ಈವರೆಗೆ ಕೇಳಿಲ್ಲ. ಕೆಂಪು ಬಣ್ಣದ ಮೇಲೆ ಹಸಿರು ರವೆ, ಕಪ್ಪಿನ ಮೇಲೆ ನೇರಳೆ ರವೆ. ಕಿರೀಟದ ಕನ್ನಡಿ ಚೂರುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸಾಫ್ಟ್‌ವೇರ್‌ನಲ್ಲಿ ಉಜ್ಜಿದರೆ ರವೆ ಹೋಗುತ್ತದೆ, ಜೊತೆಗೆ ಚುಟ್ಟಿಯೂ ಹೋಗುತ್ತದೆ. ಉಳಿಯುವುದು ಮೇಣದ ಗೊಂಬೆ.

ಇದರ ಕಾರಣ ಸರಳ. ಫುಲ್ ಫ್ರೇಮ್ ಸೆನ್ಸರಿನ ಅಳತೆ 36×24 ಮಿಲಿಮೀಟರ್, ಅಂದರೆ 864 ಚದರ ಮಿಲಿಮೀಟರ್. ನಿಕಾನ್ ಕ್ರಾಪ್ ಸೆನ್ಸರಿನದು ಸುಮಾರು 23.5×15.6, ಅಂದರೆ 366ರ ಆಸುಪಾಸು. ಕ್ಯಾನನ್‌ನದು ಇನ್ನೂ ಒಂದಿಷ್ಟು ಚಿಕ್ಕದು. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಇದು ಅಡಿಕೆ ಒಣಗಿಸುವ ಅಂಗಳದ ಲೆಕ್ಕ. ಇಬ್ಬರ ಮನೆಯ ಮೇಲೂ ಬೀಳುವುದು ಅದೇ ಬಿಸಿಲು. ಆದರೆ ಅಂಗಳ ಎರಡೂಕಾಲು ಪಟ್ಟಿಗೂ ಮಿಕ್ಕಿ ದೊಡ್ಡದಿದ್ದವನಿಗೆ ಅಷ್ಟೂ ಪಟ್ಟು ಬಿಸಿಲು ದಕ್ಕುತ್ತದೆ. ಒಂದೇ ಕಾಲದ ತಂತ್ರಜ್ಞಾನದ ಎರಡು ಕ್ಯಾಮೆರಾಗಳನ್ನು ಪಕ್ಕದಲ್ಲಿಟ್ಟರೆ, ದೊಡ್ಡದು 6400ರಲ್ಲಿ ಕೊಡುವ ಮುಖವನ್ನು ಕೊಡಲು ಚಿಕ್ಕದು ಸುಮಾರು 2700ಕ್ಕೆ ಇಳಿಯಬೇಕು. ಇಳಿದರೆ ಶಟರ್ ವೇಗವೂ ಇಳಿಯುತ್ತದೆ. ವೇಗ ಇಳಿದರೆ ಗಿರಕಿ ಹಾರುತ್ತ ದಿಗಿಣ ಹೊಡೆಯುತ್ತಿರುವ ಪುಂಡುವೇಷ ಬರೀ ಒಂದು ಕೆಂಪು ಗೀಟು.

ಬೆಳಕು, ಬೆಳಕು, ಮತ್ತೂ ಬೆಳಕು. ಛಾಯಾಗ್ರಹಣದಲ್ಲಿ ಬೇರೆ ಯಾವ ವಾದವೂ ಇದರ ಮುಂದೆ ನಿಲ್ಲುವುದಿಲ್ಲ.

ಈ 36×24 ಎಂಬ ಅಳತೆ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ರೀಲನ್ನು ಅಡ್ಡಡ್ಡ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳನ್ನು ಸೇರಿಸಿ ಒಂದು ಮಾಡಿದ. ಆ ಲೈಕಾ ಕ್ಯಾಮೆರಾ 1925ರ ಲೈಪ್‌ಜಿಗ್ ಮೇಳದಲ್ಲಿ ಹೊರಬಂತು. ಅಲ್ಲಿಂದ ಮುಂದೆ ಮುಕ್ಕಾಲು ಶತಮಾನ ಮದುವೆ, ಯುದ್ಧ, ಚುನಾವಣೆ ಎಲ್ಲವೂ ಆ ಚೌಕಟ್ಟಿನೊಳಗೇ ನಡೆದವು. ಡಿಜಿಟಲ್ ಬಂದಾಗ ಅಷ್ಟು ದೊಡ್ಡ ಸಿಲಿಕಾನ್ ತುಂಡನ್ನು ದೋಷವಿಲ್ಲದೆ ತಯಾರಿಸುವುದು ವಿಪರೀತ ದುಬಾರಿಯಾಗಿತ್ತು. ಹಾಗಾಗಿ 1999ರ ನಿಕಾನ್ ಡಿ1ರಲ್ಲಿ ಚಿಕ್ಕದನ್ನು ಕೂರಿಸಿದರು. ಅದು ತಾತ್ಕಾಲಿಕ ವ್ಯವಸ್ಥೆ, ಮದುವೆ ಮನೆಯ ಶಾಮಿಯಾನದ ಹಾಗೆ. 2002ರಲ್ಲಿ ಕ್ಯಾನನ್ 1ಡಿಎಸ್, 2005ರಲ್ಲಿ 5ಡಿ, 2007ರಲ್ಲಿ ನಿಕಾನ್ ಡಿ3 ಬಂದವು. ಮನೆ ಕಟ್ಟಿ ಮುಗಿಯಿತು. ಶಾಮಿಯಾನದಲ್ಲೇ ಸಂಸಾರ ಹೂಡಿರುವವರು ಇನ್ನೂ ಇದ್ದಾರೆ. ಅಂದಹಾಗೆ ಚಿಕ್ಕ ಸೆನ್ಸರನ್ನು ಎಪಿಎಸ್-ಸಿ ಎಂದು ಕರೆಯುತ್ತಾರಷ್ಟೆ. ಎಪಿಎಸ್ ಎಂಬುದು 1996ರಲ್ಲಿ ಬಂದ ಒಂದು ಫಿಲ್ಮಿನ ಹೆಸರು. ಆ ಫಿಲ್ಮೇ ಈಗ ಇಲ್ಲ.

ಮದುವೆಯ ಮಾತು ಬಂತಲ್ಲ. ಧಾರೆಯ ಮುಹೂರ್ತ, ಕಿರಿದಾದ ಮಂಟಪ. ಕೈಯಲ್ಲಿ 24-70 ಮಿಲಿಮೀಟರ್ ಲೆನ್ಸ್; ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಫುಲ್ ಫ್ರೇಮ್‌ನಲ್ಲಿ 24 ಎಂದರೆ 24. ವಧೂವರರು, ಎರಡೂ ಕಡೆಯ ತಂದೆ ತಾಯಿ, ಪುರೋಹಿತರು, ತೆಂಗಿನಕಾಯಿಯ ಮೇಲೆ ಸುರಿಯುವ ನೀರು ಎಲ್ಲವೂ ಒಳಗೆ. ಕ್ರಾಪ್‌ನಲ್ಲಿ ಅದೇ ಲೆನ್ಸ್ 36ರಂತೆ ನೋಡುತ್ತದೆ, ಒಬ್ಬ ಮಾವನ ಅರ್ಧ ಭುಜ ಹೊರಗೆ. ಹಿಂದೆ ಸರಿಯೋಣವೆಂದರೆ ಹಿಂದೆ ವಿಡಿಯೋದವನ ಟ್ರೈಪಾಡ್, ಅದರ ಹಿಂದೆ ಸೋದರಮಾವ. ಆಮೇಲೆ ಆ ಚಿತ್ರ 12×36 ಇಂಚಿನ ಆಲ್ಬಂ ಹಾಳೆಗೆ ಹರಡಬೇಕು. ಅರ್ಧ ಭುಜದ ಮಾವ ಜೀವಮಾನವಿಡೀ ಕ್ಷಮಿಸುವುದಿಲ್ಲ.

ಹಕ್ಕಿಯ ಚಿತ್ರ ತೆಗೆಯುವವರು ಒಂದು ಹಾಡು ಹಾಡುತ್ತಾರೆ: ಕ್ರಾಪ್‌ನಲ್ಲಿ ದೂರದ್ದು ಹತ್ತಿರ ಬರುತ್ತದೆ, 300 ಮಿಲಿಮೀಟರ್ 450 ಆಗುತ್ತದೆ ಎಂದು. ಏನೂ ಆಗುವುದಿಲ್ಲ. ಕಂಪನಿಯವರು ಮೊದಲೇ ಕತ್ತರಿ ಹಾಕಿ ಕೊಟ್ಟಿದ್ದಾರೆ, ಅಷ್ಟೆ. ಕತ್ತರಿ ನನ್ನ ಬಳಿಯೂ ಇದೆ. 2017ರ ನಿಕಾನ್ ಡಿ850ರಲ್ಲಿ 45 ಮೆಗಾಪಿಕ್ಸೆಲ್ ಇವೆ. ಅದನ್ನು ಕ್ರಾಪ್ ಅಳತೆಗೆ ಕತ್ತರಿಸಿದ ಮೇಲೂ 19 ಉಳಿಯುತ್ತವೆ. ಇನ್ನು ಭಾರ, ಬೆಲೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಮೊಬೈಲ್ ಇನ್ನೂ ಹಗುರ, ಅದರಲ್ಲೇ ತೆಗೆಯಿರಿ.

ನಾನು ಸೊಸೈಟಿಯಲ್ಲಿ ಸಾಲ ಮಾಡಿ ಫುಲ್ ಫ್ರೇಮ್ ನಿಕಾನ್ ಡಿ750 ಕೊಂಡೆ. ಮನೆಯಲ್ಲಿ ನಡೆದ ಚರ್ಚೆ ಇಲ್ಲಿ ಬೇಡ. ಮುಂದಿನ ತಿರುಗಾಟದಲ್ಲಿ ಅದೇ ಮೇಳ, ಅದೇ ವೇಷಧಾರಿ. ಅದೇ 6400. ಈ ಸಲ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಮನೆಗೇ ಒಯ್ದೆ. ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ರವೆ ಇಲ್ಲ’ ಎಂದರು. ಮತ್ತೆ ಸ್ವಲ್ಪ ನೋಡಿ, ‘ಆದರೆ ಬಲಗಡೆ ಒಂದು ಚುಟ್ಟಿ ಉದುರಿದೆ ನೋಡಿ. ಅದನ್ನೂ ತೋರಿಸಬೇಕಿತ್ತೇ?’

ವಿರೋಧ: ಚಿಕ್ಕದೇ ಸಾಕು

ಸಂಪಾದಕರು ಫೋನ್ ಮಾಡಿ, ‘ಪರಕ್ಕೆ ಒಬ್ಬರು ಸಿಕ್ಕಿದ್ದಾರೆ, ಬಹಳ ಉತ್ಸಾಹದಲ್ಲಿದ್ದಾರೆ. ನೀವು ವಿರೋಧ ಬರೆದುಕೊಡಿ ಸರ್’ ಎಂದರು. ನನ್ನ ಬಳಿ ಎರಡೂ ಇವೆಯಲ್ಲ ಎಂದೆ. ‘ಹಾಗಿದ್ದರೆ ಇನ್ನೂ ಒಳ್ಳೆಯದು’ ಎಂದರು. ಏಕೆ ಒಳ್ಳೆಯದೋ ನನಗೆ ತಿಳಿಯಲಿಲ್ಲ. ಒಪ್ಪಿಕೊಂಡದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ‘ಫುಲ್’ ಎಂದರೆ ಯಾವುದರ ಫುಲ್? ಫ್ಯೂಜಿಫಿಲ್ಮ್‌ನ ಜಿಎಫ್‌ಎಕ್ಸ್ ಕ್ಯಾಮೆರಾದ ಸೆನ್ಸರ್ 44×33 ಮಿಲಿಮೀಟರ್. ಅದರ ಮುಂದೆ 36×24 ಕೂಡ ಕ್ರಾಪೇ. ಅದೇ ಕಂಪನಿ ತನ್ನ ಎಕ್ಸ್ ಸರಣಿಗೆ ಎಪಿಎಸ್-ಸಿ ಇಟ್ಟುಕೊಂಡು, ನಡುವಿನ ಈ ‘ಫುಲ್’ ಅನ್ನು ಮುಟ್ಟದೆಯೇ ವ್ಯಾಪಾರ ಮಾಡುತ್ತಿದೆ. ಹೆಸರಿಗೆ ಮರುಳಾಗಬೇಡಿ ಎಂದು ಹೇಳಬಹುದು. ಹೇಳಿದ್ದೇನೆ.

ಎರಡನೆಯದು ಲೆಕ್ಕ. ಮೂವತ್ತು ವರ್ಷ ಗಣಿತ ಪಾಠ ಮಾಡಿದವನು ನಾನು, ಇದನ್ನು ಬಿಡಲಾರೆ. ಪರದವರು ಕತ್ತರಿಯ ಮಾತು ಆಡಿಯೇ ಆಡುತ್ತಾರೆ. ಆಡುವಾಗ ಅತಿ ಹೆಚ್ಚು ಮೆಗಾಪಿಕ್ಸೆಲ್ಲಿನ ಬಾಡಿಯನ್ನೇ ಉದಾಹರಣೆಗೆ ಎತ್ತಿಕೊಳ್ಳುತ್ತಾರೆ. ಸಾಮಾನ್ಯರು ಕೊಳ್ಳುವ ಫುಲ್ ಫ್ರೇಮ್‌ಗಳಲ್ಲಿ ಅನೇಕವು 24 ಮೆಗಾಪಿಕ್ಸೆಲ್ಲಿನವು. ಅದನ್ನು ಕ್ರಾಪ್ ಅಳತೆಗೆ ಕತ್ತರಿಸಿ: 24ನ್ನು ಎರಡು ಸೆನ್ಸರುಗಳ ವಿಸ್ತೀರ್ಣದ ಅನುಪಾತವಾದ 2.36ರಿಂದ ಭಾಗಿಸಿದರೆ ಹತ್ತು ಚಿಲ್ಲರೆ. 2016ರ ಕ್ರಾಪ್ ಕ್ಯಾಮೆರಾ ನಿಕಾನ್ ಡಿ500 ಅದೇ ಜಾಗದಲ್ಲಿ ಸುಮಾರು 21 ಮೆಗಾಪಿಕ್ಸೆಲ್ ಕೊಡುತ್ತದೆ. 2022ರ ಕ್ಯಾನನ್ ಆರ್7, ಇನ್ನೂ ಚಿಕ್ಕ ಸೆನ್ಸರಿನಲ್ಲಿ, 32 ದಾಟುತ್ತದೆ. ದೂರದ ಹಕ್ಕಿಯ ಕಣ್ಣಿನ ಮೇಲೆ ಎಷ್ಟು ಪಿಕ್ಸೆಲ್ ಬಿದ್ದವು ಎಂಬುದಷ್ಟೇ ನನ್ನ ಪ್ರಶ್ನೆ.

ಮೂರನೆಯದು ಭುಜ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರೂವರೆಗೆ ನಡೆಯುವವರ ನಡುವೆ ನಾನೂ ಒಬ್ಬ. ಕುತ್ತಿಗೆಯಲ್ಲಿ ಡಿ500, ಅದಕ್ಕೆ 755 ಗ್ರಾಂ ತೂಕದ 300 ಎಂಎಂ ಲೆನ್ಸ್. ಅಷ್ಟೇ ದೂರ ನೋಡಲು ಫುಲ್ ಫ್ರೇಮ್‌ನವರು 450ರ ಲೆನ್ಸ್ ಹುಡುಕಬೇಕು. ಅವರು ಹೆಚ್ಚಾಗಿ ಆಸೆಪಡುವ 600 ಎಂಎಂ ಎಫ್/4 ಮೂರರಿಂದ ನಾಲ್ಕು ಕಿಲೋ ತೂಗುತ್ತದೆ. ಅದಕ್ಕೆ ಟ್ರೈಪಾಡ್ ಬೇಕು, ಟ್ರೈಪಾಡ್ ಹೊರಲು ಇನ್ನೊಬ್ಬರು ಬೇಕು.

ಇಲ್ಲಿ ಒಂದು ಬೆಳಗನ್ನು ಹೇಳಬೇಕು. ಕಪ್ಪು-ಬಿಳಿ ಮಿಂಚುಳ್ಳಿ ನೀರಿನಿಂದ ಹತ್ತು ಹನ್ನೆರಡು ಅಡಿ ಮೇಲೆ ಗಾಳಿಯಲ್ಲೇ ನಿಂತಿತ್ತು. ರೆಕ್ಕೆ ಪಟಪಟ ಬಡಿಯುತ್ತಿದ್ದರೂ ತಲೆ ಮಾತ್ರ ಮೊಳೆ ಹೊಡೆದಂತೆ ಸ್ಥಿರ, ಕೊಕ್ಕು ನೇರ ಕೆಳಕ್ಕೆ. ನಾನು ಕ್ಯಾಮೆರಾ ಎತ್ತುವ ಹೊತ್ತಿಗೆ ರೆಕ್ಕೆ ಮಡಚಿ ಬಿದ್ದೇಬಿಟ್ಟಿತು. ಸೆಕೆಂಡಿಗೆ ಹತ್ತು ಚಿತ್ರದ ವೇಗದಲ್ಲಿ ನನಗೆ ಸಿಕ್ಕದ್ದು ಆರು. ನಾಲ್ಕನೆಯದರಲ್ಲಿ ಕೊಕ್ಕಿನ ತುದಿ ನೀರನ್ನು ಆಗಷ್ಟೇ ಮುಟ್ಟಿದೆ, ಒಂದು ಉಂಗುರವಿದೆ, ಅದಿನ್ನೂ ಹರಡಿಲ್ಲ. ಹೆಗಲ ಮೇಲೆ ಟ್ರೈಪಾಡ್ ಇದ್ದಿದ್ದರೆ ನಾನು ಅದರ ಕಾಲನ್ನು ಬಿಡಿಸುತ್ತಿರುತ್ತಿದ್ದೆ.

ನ್ಯಾಯವಾಗಿ ಇದನ್ನೂ ಹೇಳಬೇಕು: ರಂಗನತಿಟ್ಟಿನಲ್ಲಿ ಈ ಜೋಡಿ ನನ್ನನ್ನು ಕೈಬಿಟ್ಟಿದೆ. ಸಲೀಂ ಅಲಿ ಅವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳ ಪಕ್ಕದಲ್ಲಿ ದೋಣಿ ಎಷ್ಟು ಹತ್ತಿರ ಸಾಗುತ್ತದೆಂದರೆ ಬಣ್ಣದ ಕೊಕ್ಕರೆಯ ಕೊಕ್ಕು ಬಂದರೆ ಕಾಲಿಲ್ಲ, ಕಾಲು ಬಂದರೆ ಕೊಕ್ಕಿಲ್ಲ. ಅಲ್ಲಿ ದೊಡ್ಡ ಸೆನ್ಸರೇ ವಾಸಿ. ಇದು ನನ್ನ ಪಕ್ಷದ ವಾದವಲ್ಲ, ಸಂಪಾದಕರು ಬೇಕಾದರೆ ತೆಗೆಯಲಿ.

ದೊಡ್ಡ ಸೆನ್ಸರಿನಲ್ಲಿ ಹಿನ್ನೆಲೆ ಹೆಚ್ಚು ಮಸುಕಾಗುವ ಸೊಗಸಿನ ಬಗ್ಗೆ ಪರದವರು ಬರೆದಿರಬಹುದು. ಮೂಗು ಸ್ಪಷ್ಟವಾಗಿ, ಕಿವಿ ಮಸುಕಾಗಿರುವ ಭಾವಚಿತ್ರವನ್ನು ನನ್ನ ಹೆಂಡತಿಗೆ ತೋರಿಸಿದಾಗ ‘ಕೈ ನಡುಗಿತೇ?’ ಎಂದು ಕೇಳಿದಳು. ಆ ಚರ್ಚೆ ಅಲ್ಲಿಗೆ ಮುಗಿಯಿತು.

ನನ್ನ ಫುಲ್ ಫ್ರೇಮ್ ವರ್ಷದಲ್ಲಿ ಹನ್ನೊಂದು ತಿಂಗಳು ಬೀರುವಿನಲ್ಲಿ, ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಮಲಗಿರುತ್ತದೆ. ಮೊನ್ನೆ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಮಾತ್ರ ಅದನ್ನೇ ಒಯ್ದಿದ್ದೆ. ಅಲ್ಲಿ ಬೆಳಕು ಬಹಳ ಕಡಿಮೆ ಇತ್ತು.