ಅಂಕಪಟ್ಟಿ ನೋಡಿ ಆಸೆ ಬಿಡಬೇಕೆ?

ಡಿಗ್ರಿಯಲ್ಲಿ ಅಂಕ ಕಡಿಮೆ ಬಂದವರು ವಕೀಲಿಕೆಯ ಆಸೆ ಬಿಡುವುದೇ ಲೇಸು ಎಂದು ಒಂದು ಲೇಖನದಲ್ಲಿ ಓದಿದೆ. ಆ ಲೇಖಕರ ಮಾತು ಅರ್ಧ ನಿಜ. ದೊಡ್ಡ ಕಾರ್ಪೊರೇಟ್ ಲಾ ಫರ್ಮ್‌ಗಳಲ್ಲಿ ಅಂಕ ನೋಡಿಯೇ ಅರ್ಜಿ ಬದಿಗಿಡುವುದುಂಟು, ಒಪ್ಪಿದೆ. ವಕೀಲಿಕೆ ಅಂದರೆ ಅಷ್ಟೇನಾ?

ಭಾರತದಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್ (ವಕೀಲರ ನಿಯಂತ್ರಣ ಸಂಸ್ಥೆ) ನಿಯಮ ಕೇಳುವುದು ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಲು 2021ರಿಂದ ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ ಬಂದಿದೆ. ಪರೀಕ್ಷೆಯ ಜೊತೆಗೆ ಅಲ್ಲಿ ನಿಯಮಕ್ಕೆ ಬೇಕಿರುವುದು ಡಿಗ್ರಿ ಅಥವಾ ಅದಕ್ಕೆ ಸಮನಾದ ಅರ್ಹತೆ ಮತ್ತು ಎರಡು ವರ್ಷದ ಕಾನೂನು ಕೆಲಸದ ಅನುಭವ, ದರ್ಜೆಯಲ್ಲ. ಗಾಂಧೀಜಿ ಕಾಲೇಜು ಅರ್ಧಕ್ಕೇ ಬಿಟ್ಟು ಹೋಗಿ 1891ರಲ್ಲಿ ಬ್ಯಾರಿಸ್ಟರ್ ಆದರು. (ಆ ಕಾಲವೇ ಬೇರೆ ಅಂತೀರಿ, ಸರಿ.)

ನನ್ನ ಡಿಗ್ರಿಯೂ ಐವತ್ತರ ಗಡಿ ದಾಟಿದ್ದಲ್ಲ. ವಕೀಲಿಕೆಗೆ ಸೇರಿದ ಮೊದಲ ದಿನ ಸೀನಿಯರ್ ವಕೀಲರು ಒಂದು ದಾವೆಯ ಕರಡು ಕೈಗಿಟ್ಟು "ತಪ್ಪು ಹುಡುಕಿ" ಅಂದರು. ವ್ಯಾಜ್ಯ ಕಾರಣ (ದಾವೆ ಹೂಡಲು ಕಾರಣವಾದ ಸಂಗತಿ) ಹುಟ್ಟಿದ ದಿನಾಂಕ ಎರಡನೇ ಪುಟದಲ್ಲಿ ಒಂದಿತ್ತು, ಕೊನೆಯ ಪುಟದಲ್ಲಿ ಇನ್ನೊಂದು. ಹಾಗೇ ಫೈಲ್ ಆಗಿದ್ದರೆ ಎದುರು ಪಕ್ಷದವರು ದಾವೆ ಹೂಡುವ ಕಾಲಮಿತಿ ಮೀರಿದೆ ಎಂಬ ತಕರಾರು ಎತ್ತದೆ ಬಿಡುತ್ತಿರಲಿಲ್ಲ. ಅದನ್ನು ತೋರಿಸಿದ ಮೇಲೆ ಸೀನಿಯರ್ ನನ್ನ ಅಂಕಪಟ್ಟಿ ಕೇಳಲೇ ಇಲ್ಲ.

ಇನ್ನೊಂದು ಮಾತು. ಅಂಕ ಕುಸಿಯಲು ಕಾಯಿಲೆಯಂಥ ನಿಜವಾದ ಕಾರಣವಿದ್ದರೆ ಅರ್ಜಿಯಲ್ಲಿ ಎರಡು ಸಾಲು ಬರೆದು ದಾಖಲೆ ಲಗತ್ತಿಸಿ. ಓದಲಿಲ್ಲ ಅಂತಾದರೆ ಹಾಗೇ ಹೇಳಿ, ಕತೆ ಕಟ್ಟಲು ಹೋಗಬೇಡಿ. ಸಂದರ್ಶನಕ್ಕೆ ಕೂತವರು ಪಾಟೀಸವಾಲು ಮಾಡಿಯೇ ಹೊಟ್ಟೆ ಹೊರೆಯುವವರು.